ಮಂಜೂರಾದ ಮೇಲೂ 75 ಡಾಲರ್: ಗರ್ಭನಿರೋಧಕ ಮಾತ್ರೆಯೊಂದರ ವಿಮಾ ಪ್ರಕರಣ

ಇದು 2024ರಲ್ಲಿ ಅಮೆರಿಕದಲ್ಲಿ ನಡೆದ ಪ್ರಕರಣ. ಯಾರೆಂದು ಗೊತ್ತಾಗಬಾರದೆಂದು ರಾಜ್ಯ, ಕಂಪನಿ, ವಿಮಾ ಸಂಸ್ಥೆಗಳ ಹೆಸರು ಬಿಟ್ಟಿದ್ದೇವೆ. ವಯಸ್ಸು ಮತ್ತು ಕೆಲಸದ ವಿವರಗಳನ್ನು ಸ್ವಲ್ಪ ಬದಲಿಸಿದ್ದೇವೆ. ಔಷಧ, ಪ್ರಮಾಣ, ಫಾರ್ಮ್‌ಗಳು ಓಡಾಡಿದ ದಾರಿ ಮಾತ್ರ ಇದ್ದ ಹಾಗೇ ಇವೆ.

ಹಿನ್ನೆಲೆ

ಆಕೆಗೆ ಮೂವತ್ತರ ಆಸುಪಾಸು. ಲ್ಯಾಬ್ ಟೆಕ್ನಿಷಿಯನ್. ಒಂದು ವಾರ ಹಗಲು ಪಾಳಿ, ಮುಂದಿನ ವಾರ ರಾತ್ರಿ ಪಾಳಿ. ಆರೋಗ್ಯ ವಿಮೆ ಗಂಡನ ಕಂಪನಿಯ ಕಡೆಯಿಂದ. ಹಲವು ವರ್ಷಗಳಿಂದ ಈಸ್ಟ್ರೊಜೆನ್, ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನುಗಳೂ ಇರುವ ಸಂಯುಕ್ತ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಜೆನೆರಿಕ್ (ಬ್ರಾಂಡ್ ಹೆಸರಿಲ್ಲದ ಅಗ್ಗದ ರೂಪ) ಆದ್ದರಿಂದ ಕೋಪೇ, ಅಂದರೆ ರೋಗಿ ಕೈಯಿಂದ ಕೊಡಬೇಕಾದ ಪಾಲು, ಸೊನ್ನೆ. ವಿಮೆಯ ನಿಯಮ ಓದುವ ಪ್ರಮೇಯವೇ ಬಂದಿರಲಿಲ್ಲ.

ಊರು ಬದಲಾಗಿ ಹೊಸ ವೈದ್ಯೆಯ ಬಳಿ ಹೋದಾಗ ಮೈಗ್ರೇನ್ ವಿಚಾರ ಬಂತು. ತಲೆನೋವು ಶುರುವಾಗುವ ಮುಂಚೆ ಸುಮಾರು ಇಪ್ಪತ್ತು ನಿಮಿಷ ಕಣ್ಣಿನ ಒಂದು ಬದಿಗೆ ಅಂಕುಡೊಂಕು ಬೆಳಕಿನ ಗೆರೆ ಕಾಣುತ್ತದೆ ಎಂದರು. ಇದಕ್ಕೆ ಔರಾ ಎನ್ನುತ್ತಾರೆ. ಔರಾ ಇರುವ ಮೈಗ್ರೇನ್‌ಗೆ ಈಸ್ಟ್ರೊಜೆನ್ ಮಾತ್ರೆಯನ್ನು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ ಅರ್ಹತಾ ಮಾನದಂಡ 4ನೇ ವರ್ಗಕ್ಕೆ ಸೇರಿಸುತ್ತದೆ, ಅಂದರೆ ಕೊಡಲೇಬಾರದು. ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಅವತ್ತೇ ಆ ಮಾತ್ರೆ ನಿಂತಿತು.

ಬದಲಿಗೆ ಬಂದದ್ದು ನಾರೆಥಿಂಡ್ರೋನ್ 0.35 ಮಿಲಿಗ್ರಾಂ. ಪ್ರೊಜೆಸ್ಟಿನ್ ಮಾತ್ರ ಇರುವ ಮಾತ್ರೆ, ಇದೂ ಉಚಿತ. ತೊಂದರೆ ಇರುವುದು ಗಡಿಯಾರದಲ್ಲಿ. ನಿಗದಿತ ವೇಳೆಗಿಂತ ಮೂರು ಗಂಟೆ ತಡವಾದರೆ ಮಾತ್ರೆ ತಪ್ಪಿದಂತೆ ಲೆಕ್ಕ. ಮುಂದಿನ ಎರಡು ದಿನ ಕಾಂಡೋಮ್ ಬೇಕು. ವಾರಕ್ಕೊಮ್ಮೆ ಹಗಲು ರಾತ್ರಿ ಅದಲುಬದಲಾಗುವವರಿಗೆ ಇದು ನಡೆಯುವ ಮಾತಲ್ಲ. ಮೂರು ತಿಂಗಳಲ್ಲಿ ಹಲವು ಸಲ ತಪ್ಪಿತು, ನಡುನಡುವೆ ರಕ್ತಸ್ರಾವವೂ ಆಯಿತು. ಗರ್ಭಕೋಶದೊಳಗೆ ಹಾಕುವ ಐಯುಡಿ, ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಬಗ್ಗೆಯೂ ಚರ್ಚೆಯಾಯಿತು. ಒಂದೆರಡು ವರ್ಷದಲ್ಲಿ ಮಗು ಬೇಕೆಂಬ ಯೋಚನೆ ಇದ್ದುದರಿಂದ ಹಾಕಿಸಿ ತೆಗೆಸುವ ಉಸಾಬರಿ ಬೇಡವೆಂದರು.

ವೈದ್ಯೆ ಬರೆದುಕೊಟ್ಟದ್ದು ಡ್ರೋಸ್ಪಿರೆನೋನ್ 4 ಮಿಲಿಗ್ರಾಂ, ಮಾರುಕಟ್ಟೆಯ ಹೆಸರು ಸ್ಲಿಂಡ್. ಇದರಲ್ಲೂ ಈಸ್ಟ್ರೊಜೆನ್ ಇಲ್ಲ. ಪ್ಯಾಕಿನಲ್ಲಿ 24 ಔಷಧದ ಮಾತ್ರೆ, ಔಷಧವಿಲ್ಲದ 4 ಮಾತ್ರೆ. 24 ಗಂಟೆಯೊಳಗಿನ ತಡವನ್ನು ಇದು ತಡೆದುಕೊಳ್ಳುತ್ತದೆ. ಡ್ರೋಸ್ಪಿರೆನೋನ್ ರಕ್ತದ ಪೊಟ್ಯಾಶಿಯಂ ಏರಿಸಬಲ್ಲದು, ಮೈಗ್ರೇನ್ ಇರುವವರು ಐಬುಪ್ರೊಫೆನ್ ಹೆಚ್ಚು ನುಂಗುತ್ತಾರೆ, ಅದೂ ಪೊಟ್ಯಾಶಿಯಂ ಏರಿಸುವ ಗುಂಪಿನದೇ. ಹಾಗಾಗಿ ಕಿಡ್ನಿ ಮತ್ತು ಪೊಟ್ಯಾಶಿಯಂ ಪರೀಕ್ಷೆ ಮಾಡಿಸಿದ ಮೇಲೆಯೇ ಚೀಟಿ ಕೊಟ್ಟರು. ಈ ಫಲಿತಾಂಶ ಮುಂದೆ ವಿಮೆಯ ಪತ್ರಕ್ಕೂ ಉಪಯೋಗಕ್ಕೆ ಬಂತು.

ಕಾನೂನು ಎಲ್ಲಿಯವರೆಗೆ

2010ರ ಅಫೋರ್ಡೆಬಲ್ ಕೇರ್ ಆ್ಯಕ್ಟ್‌ನ ಅಡಿಯಲ್ಲಿ, 2012ರ ಆಗಸ್ಟ್ 1ರಿಂದೀಚೆಗೆ ಶುರುವಾದ ಪ್ಲಾನ್ ವರ್ಷಗಳಲ್ಲಿ, ಬಹುತೇಕ ಖಾಸಗಿ ವಿಮೆಗಳು ಗರ್ಭನಿರೋಧಕಗಳಿಗೆ ಕೋಪೇ ಆಗಲಿ ಡಿಡಕ್ಟಿಬಲ್ (ವಿಮೆ ಹಣ ಕೊಡುವ ಮುಂಚೆ ಸದಸ್ಯರೇ ಭರಿಸಬೇಕಾದ ಮೊತ್ತ) ಆಗಲಿ ವಿಧಿಸುವಂತಿಲ್ಲ. ಜನ ಇಷ್ಟಕ್ಕೇ ಓದು ನಿಲ್ಲಿಸುತ್ತಾರೆ. ಎಲ್ಲ ಬ್ರಾಂಡನ್ನೂ ಉಚಿತವಾಗಿ ಕೊಡಬೇಕೆಂದು ನಿಯಮ ಹೇಳುವುದಿಲ್ಲ. 2015ರ ಮೇ ತಿಂಗಳ ಫೆಡರಲ್ ಸ್ಪಷ್ಟನೆಯ ಪ್ರಕಾರ ಪ್ರತಿ ವಿಭಾಗದಲ್ಲಿ ಕನಿಷ್ಠ ಒಂದು ಉಚಿತವಿರಬೇಕು. ಮಾತ್ರೆಗಳಲ್ಲೇ ಮೂರು ವಿಭಾಗ: ಸಂಯುಕ್ತ, ಪ್ರೊಜೆಸ್ಟಿನ್ ಮಾತ್ರದ್ದು, ಮುಟ್ಟನ್ನು ತಿಂಗಳುಗಟ್ಟಲೆ ಮುಂದೂಡುವ ದೀರ್ಘಾವಧಿಯದು. ನಾರೆಥಿಂಡ್ರೋನ್ ಉಚಿತವಾಗಿ ಕೊಟ್ಟರೆ ಎರಡನೇ ವಿಭಾಗದ ಲೆಕ್ಕ ಮುಗಿಯಿತು. ಸ್ಲಿಂಡ್ ಕೂಡ ಅದೇ ವಿಭಾಗದ್ದು.

ಆದರೆ ಅದೇ ಸ್ಪಷ್ಟನೆಯಲ್ಲಿ ಇನ್ನೊಂದು ಮಾತಿದೆ. ಇಂಥದ್ದೇ ಔಷಧ ವೈದ್ಯಕೀಯವಾಗಿ ಅಗತ್ಯ ಎಂದು ಚಿಕಿತ್ಸೆ ಕೊಡುವವರು ತೀರ್ಮಾನಿಸಿದರೆ ಪ್ಲಾನ್ ಆ ತೀರ್ಮಾನಕ್ಕೆ ತಲೆಬಾಗಬೇಕು, ಅದನ್ನೂ ಸೊನ್ನೆ ಕೋಪೇಗೆ ಕೊಡಬೇಕು. ಅಗತ್ಯವನ್ನು ತೂಗುವಾಗ ಅಡ್ಡಪರಿಣಾಮದ ತೀವ್ರತೆ, ವಿಧಾನ ಶಾಶ್ವತವೇ ತಾತ್ಕಾಲಿಕವೇ ಎಂಬುದು, ಹೇಳಿದ ಕ್ರಮದಲ್ಲಿ ಬಳಸಲು ಆ ವ್ಯಕ್ತಿಗೆ ಆಗುತ್ತದೆಯೇ ಎಂಬುದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಕೊನೆಯದನ್ನು ನೆನಪಿಡಿ, ಈ ಪ್ರಕರಣ ತಿರುಗಿದ್ದೇ ಅದರ ಮೇಲೆ. 2022ರ ಜುಲೈನಲ್ಲಿ ಇನ್ನೂ ಬಿಗಿ ಮಾಡಿದರು: ಈ ವಿನಾಯಿತಿ ಪಡೆಯಲು ಮೇಲ್ಮನವಿ ಹಾಕಿ ಎನ್ನುವಂತಿಲ್ಲ, ಮೊದಲು ಹತ್ತಾರು ಬೇರೆ ಮಾತ್ರೆ ನುಂಗಿ ವಿಫಲರಾಗಿ ಬನ್ನಿ ಎನ್ನುವಂತೆಯೂ ಇಲ್ಲ. ಕಾಗದದ ಮೇಲೆ ಎಲ್ಲ ಸರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಔಷಧ ಅಂಗಡಿಯ ಕೌಂಟರಿನಲ್ಲಿ ಗೊತ್ತಾಗುತ್ತದೆ.

ಕೌಂಟರಿನಲ್ಲಿ

ಫಾರ್ಮಸಿಸ್ಟ್ ಕ್ಲೇಮ್ ಕಳಿಸಿದ ಕೂಡಲೇ ಪರದೆಯ ಮೇಲೆ ರಿಜೆಕ್ಟ್ ಕೋಡ್ 75 ಬಂತು. ಪೂರ್ವಾನುಮತಿ, ಅಂದರೆ ಪ್ರಯರ್ ಆಥರೈಸೇಷನ್ ಬೇಕು. ಕೈಯಿಂದ ಕಟ್ಟುವುದಾದರೆ ಒಂದು ಪ್ಯಾಕಿಗೆ 200 ಡಾಲರ್ ಮೇಲೆ. ಜೆನೆರಿಕ್ ಆಗ ಅಂಗಡಿಗೆ ಬಂದಿರಲಿಲ್ಲ.

ಈ ಕೋಡ್‌ಗಳನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. 'ಇನ್ಶೂರೆನ್ಸ್ ಒಪ್ಪಲಿಲ್ಲ' ಎಂದಷ್ಟೇ ಕೇಳಿಕೊಂಡು ಮನೆಗೆ ಹೋದರೆ ಮುಂದೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. 70 ಎಂದರೆ ಆ ಔಷಧ ವಿಮೆಯ ಪಟ್ಟಿಯಲ್ಲೇ ಇಲ್ಲ. 75 ಪೂರ್ವಾನುಮತಿ. 76 ಪ್ರಮಾಣದ ಮಿತಿ ಮೀರಿದೆ. 79 ಮರುಪೂರಣಕ್ಕೆ ಇನ್ನೂ ಸಮಯವಾಗಿಲ್ಲ. 608 ಮೊದಲು ಬೇರೆ ಔಷಧ ಬಳಸಿ ನೋಡಬೇಕು. ಒಂದೊಂದಕ್ಕೂ ದಾರಿ ಬೇರೆ.

ಇಲ್ಲಿ ಒಂದು ಎಡವಟ್ಟು ಆಯಿತು. ಹೊಸ ಮಾತ್ರೆ ಆ ದಿನವೇ ಸಿಗುತ್ತದೆಂದು ಆಕೆ ಹಳೆಯ ನಾರೆಥಿಂಡ್ರೋನ್ ಪ್ಯಾಕನ್ನು ಮುಗಿಸಿ, ಮುಂದಿನ ಮರುಪೂರಣವನ್ನು ರದ್ದು ಮಾಡಿಸಿದ್ದರು. ಅನುಮತಿ ಬರುವವರೆಗೆ ಒಂಬತ್ತು ದಿನ ಯಾವ ಮಾತ್ರೆಯೂ ಇಲ್ಲ. ಹೊಸ ಪ್ಯಾಕ್ ಕೈಗೆ ಬರುವವರೆಗೆ ಹಳೆಯದನ್ನು ನಿಲ್ಲಿಸಬಾರದು; ಪ್ರೊಜೆಸ್ಟಿನ್ ಮಾತ್ರೆಯಿಂದ ಸ್ಲಿಂಡ್‌ಗೆ ಹೋಗುವಾಗ ಹಳೆಯದರ ಮುಂದಿನ ಮಾತ್ರೆ ನುಂಗಬೇಕಾದ ದಿನವೇ ಹೊಸದನ್ನು ಆರಂಭಿಸಿದರಾಯಿತು. ನಡುವೆ ಬಿಡುವು ಬಿದ್ದರೆ, ಸ್ಲಿಂಡ್ ಶುರು ಮಾಡಿದ ಮೇಲೂ ಏಳು ದಿನ ಕಾಂಡೋಮ್ ಬೇಕು. ಈ ಸಂಗತಿಯನ್ನು ಹೇಳಬೇಕಾದವರು ಕ್ಲಿನಿಕ್‌ನವರೋ ಫಾರ್ಮಸಿಯವರೋ ಎಂದು ಇಬ್ಬರೂ ಇನ್ನೊಬ್ಬರ ಕಡೆ ನೋಡುತ್ತಾರೆ. ಹೆಚ್ಚಿನ ಸಲ ಯಾರೂ ಹೇಳುವುದಿಲ್ಲ.

ಓವರ್-ದ-ಕೌಂಟರ್ ಮಾತ್ರೆ ತರಬಹುದಿತ್ತಲ್ಲ ಎಂದು ಕೇಳಬಹುದು. ಓಪಿಲ್ 2023ರ ಜುಲೈನಲ್ಲಿ ಚೀಟಿಯಿಲ್ಲದ ಮಾರಾಟಕ್ಕೆ ಒಪ್ಪಿಗೆ ಪಡೆದು 2024ರಲ್ಲಿ ಅಂಗಡಿಗೆ ಬಂತು, ತಯಾರಕರು ಸೂಚಿಸಿದ ಬೆಲೆ ತಿಂಗಳಿಗೆ 19.99 ಡಾಲರ್. ಆದರೆ ಅದು ನಾರ್ಜೆಸ್ಟ್ರೆಲ್ 0.075 ಮಿಲಿಗ್ರಾಂ, ಅದಕ್ಕೂ ಮೂರು ಗಂಟೆಯದೇ ಕಟ್ಟು. ಈಕೆಗೆ ಇದ್ದ ತೊಂದರೆಯೇ ಅದು. ಜತೆಗೆ, ಚೀಟಿ ಇಲ್ಲದೆ ಕೊಂಡರೆ ಫೆಡರಲ್ ನಿಯಮದಡಿ ವಿಮೆ ಹಣ ಕೊಡಬೇಕೆಂದಿಲ್ಲ. ಕೊಡಲೇಬೇಕೆಂಬ ಫೆಡರಲ್ ಪ್ರಸ್ತಾವ 2024ರ ಅಕ್ಟೋಬರ್‌ನಲ್ಲಿ ಬಂತು, 2025ರ ಜನವರಿಯಲ್ಲಿ ವಾಪಸಾಯಿತು.

ಮೊದಲ ಪ್ರಯತ್ನ: ಪೂರ್ವಾನುಮತಿ

ಕ್ಲಿನಿಕ್‌ನ ಸಹಾಯಕಿ ಫಾರ್ಮ್ ತುಂಬಿ ಫ್ಯಾಕ್ಸ್ ಮಾಡಿದರು. ಕಾರಣದ ಜಾಗದಲ್ಲಿ ಬರೆದದ್ದು: 'ರೋಗಿಗೆ ಸ್ಲಿಂಡ್ ಇಷ್ಟ, ನಾರೆಥಿಂಡ್ರೋನ್ ಹೊಂದಲಿಲ್ಲ.' ರೋಗನಿರ್ಣಯದ ಕೋಡ್ ಜಿ43.109, ಔರಾ ಇರುವ ಮೈಗ್ರೇನ್. ಗಂಭೀರ ಕಾಯಿಲೆಯ ಹೆಸರು ಇದ್ದರೆ ಬೇಗ ಒಪ್ಪುತ್ತಾರೆ ಎಂಬ ಎಣಿಕೆ.

ವೈದ್ಯೆಯೇ ವಿಮೆಯ ಕಡೆಯ ವೈದ್ಯರೊಡನೆ ಫೋನಿನಲ್ಲಿ ಮಾತಾಡಿದ ಮೇಲೆ ಮಂಜೂರಾಯಿತು. ಹನ್ನೆರಡು ತಿಂಗಳಿಗೆ. ಆಕೆ ಸಂತೋಷವಾಗಿ ಫಾರ್ಮಸಿಗೆ ಹೋದರೆ ಬಿಲ್ 75 ಡಾಲರ್.

"ಅಪ್ರೂವ್ ಆಗಿದೆ ಅಂತ ಪತ್ರ ಬಂದಿದೆಯಲ್ಲ?" ಎಂದು ಕಾಲ್ ಸೆಂಟರ್‌ಗೆ ಕೇಳಿದರು.

"ಹೌದು, ಆಗಿದೆ. ಅದು ಟಿಯರ್ 3 ಬ್ರಾಂಡ್, ಅದರ ಕೋಪೇ 75."

ಟಿಯರ್ ಎಂದರೆ ವಿಮೆಯ ಔಷಧ ಪಟ್ಟಿಯಲ್ಲಿನ ದರ್ಜೆ, ಕೋಪೇ ಅದಕ್ಕೆ ತಕ್ಕಂತೆ. ಅತ್ತ ಕಡೆಯವರು ಸುಳ್ಳು ಹೇಳಲಿಲ್ಲ. ಪ್ರಕರಣದ ಗಂಟು ಇರುವುದೇ ಇಲ್ಲಿ. ಪೂರ್ವಾನುಮತಿ ಉತ್ತರಿಸುವುದು 'ಈ ಔಷಧಕ್ಕೆ ವಿಮೆ ಅನ್ವಯಿಸುತ್ತದೆಯೇ' ಎಂಬ ಪ್ರಶ್ನೆಗೆ. 'ಕೋಪೇ ಇಲ್ಲದೆ ಸಿಗುತ್ತದೆಯೇ' ಎಂಬುದು ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆಯೇ ಕೋರಿಕೆ. ಮೊದಲನೆಯದಕ್ಕೆ ಹೌದು ಎಂದ ಕೂಡಲೇ ಎರಡನೆಯದನ್ನು ಯಾರೂ ಕೇಳದೆ ಬಿಡುತ್ತಾರೆ. 28 ಮಾತ್ರೆಯ ಪ್ಯಾಕ್ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಬೇಕು. 75ರಂತೆ 975 ಡಾಲರ್. ಕಾನೂನಿನ ಪ್ರಕಾರ ಅದು ಸೊನ್ನೆ ಇರಬೇಕಿತ್ತು.

ತಯಾರಕರು ಕೊಡುವ ರಿಯಾಯಿತಿಯ ಕೋಪೇ ಕಾರ್ಡ್‌ನಿಂದ ಸ್ವಲ್ಪ ಇಳಿಸಬಹುದೆಂದು ಫಾರ್ಮಸಿಸ್ಟ್ ಸೂಚಿಸಿದರು. ಒಂದು ಪ್ಯಾಕಿನ ಮಟ್ಟಿಗೆ ಅದು ಸರಿ. ಆದರೆ ಕಾರ್ಡ್ ಬಳಸಿದಾಗ ರಸೀದಿಯಲ್ಲಿ ಆಕೆ ಕೊಟ್ಟ ಮೊತ್ತ ಕಡಿಮೆ ಕಾಣುತ್ತದೆ. ಆಮೇಲೆ ವಾಪಸ್ ಕೇಳುವಾಗ ಲೆಕ್ಕ ಕಲಸಿಹೋಗುತ್ತದೆ. ಆಕೆ ಕಾರ್ಡ್ ಬಿಟ್ಟು ಮೂರು ತಿಂಗಳು ಪೂರ್ತಿ ಕೋಪೇ ಕಟ್ಟಿದರು, ಒಟ್ಟು 225 ಡಾಲರ್. ಔಷಧದ ಗುರುತಿನ ಎನ್‌ಡಿಸಿ ಸಂಖ್ಯೆ, ಚೀಟಿ ಸಂಖ್ಯೆ, ದಿನಾಂಕ, ಪ್ರಮಾಣ ಮುದ್ರಿಸಿದ ಫಾರ್ಮಸಿ ಲೇಬಲ್‌ಗಳನ್ನು ಎತ್ತಿಟ್ಟರು. ಬರೀ ಕ್ಯಾಷ್ ರಿಜಿಸ್ಟರ್ ಚೀಟಿ ಇದ್ದರೆ ವಿಮೆಯವರು ಒಪ್ಪುವುದಿಲ್ಲ.

ಎರಡನೇ ಪ್ರಯತ್ನ: ವಿನಾಯಿತಿ, ತಪ್ಪು ಬಾಗಿಲಿಗೆ

ಕಾಲ್ ಸೆಂಟರ್ ಕೊಟ್ಟ ಸಲಹೆ: 180 ದಿನದೊಳಗೆ ಮೇಲ್ಮನವಿ ಹಾಕಿ. ಮೇಲ್ಮನವಿಯ ಹಕ್ಕು ಇರುವುದು ನಿಜ. ಆದರೆ ಈಗಾಗಲೇ ಕೊಂಡ ಔಷಧದ ಮೇಲ್ಮನವಿ ತೀರ್ಮಾನಕ್ಕೆ ಅರವತ್ತು ದಿನದವರೆಗೆ ಹಿಡಿಯಬಹುದು, ಮೇಲಾಗಿ ಗರ್ಭನಿರೋಧಕದ ವಿನಾಯಿತಿಗೆ ಆ ದಾರಿ ತೋರಿಸುವಂತೆಯೇ ಇಲ್ಲ.

ಔಷಧ ಸೌಲಭ್ಯ ನೋಡಿಕೊಳ್ಳುವ ಪಿಬಿಎಂ ಸಂಸ್ಥೆಯ ಜಾಲತಾಣದಲ್ಲಿ, 'ಪ್ರಿವೆಂಟಿವ್ ಸರ್ವಿಸಸ್' ಎಂಬ ಪುಟದ ಅಡಿಯಲ್ಲಿ, ಒಂದು ಪುಟದ 'ಶೂನ್ಯ ಕೋಪೇ ವಿನಾಯಿತಿ' ಫಾರ್ಮ್ ಸಿಕ್ಕಿತು. ಕ್ಲಿನಿಕ್ ಅದನ್ನು ತುಂಬಿ, ಅಭ್ಯಾಸಬಲದಿಂದ ಪೂರ್ವಾನುಮತಿ ವಿಭಾಗದ ಫ್ಯಾಕ್ಸ್ ನಂಬರಿಗೇ ಕಳಿಸಿತು. ಅಲ್ಲಿನವರು ಅದೇ ಔಷಧ, ಅದೇ ಸದಸ್ಯೆ ಎಂದು ನೋಡಿ 'ಈಗಾಗಲೇ ಮಂಜೂರಾಗಿದೆ, ನಕಲು ಕೋರಿಕೆ' ಎಂದು ಮುಚ್ಚಿಬಿಟ್ಟರು. ನಿರಾಕರಣೆಯೂ ಅಲ್ಲ, ಮಂಜೂರಾತಿಯೂ ಅಲ್ಲ. ಮುಚ್ಚಿದ ಕೋರಿಕೆಗೆ ಪತ್ರವೂ ಬರುವುದಿಲ್ಲ. ಎರಡು ವಾರ ಕಾದು ಕೇಳಿದಾಗಲೇ ಗೊತ್ತಾದದ್ದು.

ಯಾರ ಹಣ ಎಂದು ತಿಳಿದಾಗ

ಈ ಹಂತದಲ್ಲಿ ರಾಜ್ಯದ ವಿಮಾ ಇಲಾಖೆಗೆ ದೂರು ಹೋಯಿತು. ಆ ರಾಜ್ಯದಲ್ಲಿ ಕಾನೂನು ಗಟ್ಟಿಯಾಗಿಯೇ ಇತ್ತು. ಒಂದೇ ಸಲಕ್ಕೆ 12 ತಿಂಗಳ ಮಾತ್ರೆ ಕೊಡಬೇಕೆಂಬ ನಿಯಮವೂ ಇತ್ತು. ಇಲಾಖೆ ಸೌಜನ್ಯದಿಂದಲೇ ವಾಪಸ್ ಕಳಿಸಿತು: ಇದು ಸೆಲ್ಫ್ ಫಂಡೆಡ್ ಪ್ಲಾನ್, ನಮ್ಮ ವ್ಯಾಪ್ತಿಗೆ ಬರುವುದಿಲ್ಲ.

ದೊಡ್ಡ ಕಂಪನಿಗಳು ಎಷ್ಟೋ ಸಲ ವಿಮೆ ಕೊಳ್ಳುವುದಿಲ್ಲ. ನೌಕರರ ಆಸ್ಪತ್ರೆ ಬಿಲ್ಲನ್ನು ತಮ್ಮ ಹಣದಿಂದಲೇ ಕಟ್ಟಿ, ಲೆಕ್ಕಪತ್ರ ನೋಡಿಕೊಳ್ಳಲು ವಿಮಾ ಸಂಸ್ಥೆಗೆ ಶುಲ್ಕ ಕೊಡುತ್ತವೆ. ಕಾರ್ಡಿನ ಮೇಲೆ ವಿಮಾ ಸಂಸ್ಥೆಯ ಲಾಂಛನ ದೊಡ್ಡದಾಗಿ ಇರುತ್ತದೆ, ಅದನ್ನು ನೋಡಿ ನಂಬಬಾರದು. ಸಮ್ಮರಿ ಪ್ಲಾನ್ ಡಿಸ್ಕ್ರಿಪ್ಷನ್ ಎಂಬ ದಾಖಲೆಯ ಕೊನೆಯ ಪುಟಗಳಲ್ಲಿ 'ಸೌಲಭ್ಯದ ವೆಚ್ಚವನ್ನು ಕಂಪನಿಯ ಸಾಮಾನ್ಯ ನಿಧಿಯಿಂದ ಭರಿಸಲಾಗುತ್ತದೆ' ಎಂಬರ್ಥದ ಸಾಲು ಇದೆಯೇ ನೋಡಬೇಕು. ಲಿಖಿತವಾಗಿ ಕೇಳಿದ 30 ದಿನದೊಳಗೆ ಈ ದಾಖಲೆ ಕೊಡದಿದ್ದರೆ ದಿನಕ್ಕೆ 110 ಡಾಲರ್‌ವರೆಗೆ ದಂಡ ಬೀಳಬಹುದು. ಇಂಥ ಪ್ಲಾನ್‌ಗಳು 1974ರ ಎರಿಸಾ ಎಂಬ ಫೆಡರಲ್ ಕಾನೂನಿನ ಅಡಿ ಬರುತ್ತವೆ. ರಾಜ್ಯದ ವಿಮಾ ಕಾನೂನು ಅವಕ್ಕೆ ತಾಗುವುದಿಲ್ಲ, ಫೆಡರಲ್ ನಿಯಮ ತಾಗುತ್ತದೆ. ಹಾಗಾಗಿ 12 ತಿಂಗಳ ಮಾತ್ರೆಯ ಆಸೆ ಅಲ್ಲಿಗೆ ಬಿಟ್ಟುಹೋಯಿತು, ಸೊನ್ನೆ ಕೋಪೇಯ ಹಕ್ಕು ಉಳಿಯಿತು. ದೂರು ಹೋಗಬೇಕಾದ್ದು ಫೆಡರಲ್ ಕಾರ್ಮಿಕ ಇಲಾಖೆಯಲ್ಲಿ ನೌಕರರ ಸೌಲಭ್ಯ ನೋಡಿಕೊಳ್ಳುವ ಇಬಿಎಸ್‌ಎ ವಿಭಾಗಕ್ಕೆ.

ಇನ್ನೊಂದು ದಾರಿ ಗಂಡನ ಕಂಪನಿಯ ಎಚ್‌ಆರ್. ಇಲ್ಲಿ ಆಕೆ ಹಿಂಜರಿದರು, ಅದು ಸಹಜವೇ. ಗಂಡನ ಸಹೋದ್ಯೋಗಿಗಳ ಮುಂದೆ ತನ್ನ ಮಾತ್ರೆಯ ವಿಚಾರ ಏಕೆ? ಇಬಿಎಸ್‌ಎ ಸಲಹೆಗಾರರು ಕೊಟ್ಟ ಉಪಾಯ ಸರಳವಾಗಿತ್ತು. ಔಷಧದ ಹೆಸರು ಬೇಡ, ಕಾಯಿಲೆಯ ಹೆಸರೂ ಬೇಡ. ಎಚ್‌ಆರ್‌ಗೆ ಕೇಳಿದ್ದು ಎರಡೇ ಸಾಲು: 'ಪಟ್ಟಿಯಲ್ಲಿ ಉಚಿತವಿಲ್ಲದ ಗರ್ಭನಿರೋಧಕವನ್ನು ವೈದ್ಯರು ಅಗತ್ಯವೆಂದಾಗ ಶೂನ್ಯ ಕೋಪೇಗೆ ಪಡೆಯುವ ವಿನಾಯಿತಿ ಪ್ರಕ್ರಿಯೆ ನಮ್ಮ ಪ್ಲಾನ್‌ನಲ್ಲಿ ಯಾವುದು? ಕೋರಿಕೆ ಯಾವ ನಂಬರಿಗೆ ಹೋಗಬೇಕು?'

ಈ ಪ್ರಶ್ನೆಗೆ ಎಚ್‌ಆರ್ ಬೇಗ ಎದ್ದು ಕೂರುವುದಕ್ಕೆ ಕಾರಣವಿದೆ. ನಿಯಮ ಪಾಲಿಸದ ಪ್ಲಾನ್‌ಗೆ ತೆರಿಗೆ ಸಂಹಿತೆಯ 4980ಡಿ ವಿಧಿಯಡಿ ತೊಂದರೆಗೊಳಗಾದ ಪ್ರತಿ ವ್ಯಕ್ತಿಗೆ ದಿನಕ್ಕೆ 100 ಡಾಲರ್ ತೆರಿಗೆ ಬೀಳಬಹುದು. ಅದನ್ನು ಕಟ್ಟಬೇಕಾದದ್ದು ವಿಮಾ ಸಂಸ್ಥೆಯಲ್ಲ, ಕಂಪನಿ. ಕಾಲ್ ಸೆಂಟರ್‌ನವರಿಗೆ ಈ ಭಯವಿಲ್ಲ. ಎಚ್‌ಆರ್ ವಿಮಾ ಸಂಸ್ಥೆಯಲ್ಲಿರುವ ತಮ್ಮ ಅಕೌಂಟ್ ಮ್ಯಾನೇಜರ್‌ಗೆ ಬರೆದರು. ಸರಿಯಾದ ನಂಬರ್ ಎರಡೇ ದಿನದಲ್ಲಿ ಸಿಕ್ಕಿತು.

ಮೂರನೇ ಪ್ರಯತ್ನ: ಪತ್ರ ಬದಲಾಯಿತು

ಈ ಸಲ ವೈದ್ಯೆ ತಾವೇ ಬರೆದರು. 'ಇಷ್ಟ' ಎಂಬ ಪದ ಹೋಯಿತು. ಪತ್ರದ ತಿರುಳು ಹೀಗಿತ್ತು:

'ಗರ್ಭನಿರೋಧಕ್ಕಾಗಿ ಡ್ರೋಸ್ಪಿರೆನೋನ್ 4 ಮಿಲಿಗ್ರಾಂ ಈ ರೋಗಿಗೆ ವೈದ್ಯಕೀಯವಾಗಿ ಅಗತ್ಯವೆಂದು ತೀರ್ಮಾನಿಸಿದ್ದೇನೆ. ಔರಾ ಇರುವ ಮೈಗ್ರೇನ್ ಕಾರಣ ಈಸ್ಟ್ರೊಜೆನ್ ನಿಷಿದ್ಧ. ಪಾಳಿ ಕೆಲಸದಿಂದಾಗಿ ನಾರೆಥಿಂಡ್ರೋನ್‌ನ ಮೂರು ಗಂಟೆಯ ಮಿತಿಯನ್ನು ಪಾಲಿಸಲು ಸಾಧ್ಯವಾಗಿಲ್ಲ. ಮೂರು ತಿಂಗಳ ಬಳಕೆಯಲ್ಲಿ ಪದೇ ಪದೇ ಮಾತ್ರೆ ತಪ್ಪಿದೆ, ಅನಿಯಮಿತ ರಕ್ತಸ್ರಾವವಾಗಿದೆ. ಪೊಟ್ಯಾಶಿಯಂ ಮತ್ತು ಕಿಡ್ನಿ ಪರೀಕ್ಷೆ ಸಹಜ. ಕೋಪೇ ಇಲ್ಲದೆ ಒದಗಿಸಲು ಕೋರುತ್ತೇನೆ. ಮೊದಲ ಕ್ಲೇಮ್ ದಿನಾಂಕದಿಂದ ಅನ್ವಯಿಸಲಿ.'

ಕೋಡ್‌ಗಳ ಕ್ರಮವೂ ತಿರುಗಿತು. ಮೊದಲು ಜೆಡ್30.41, ಅಂದರೆ ಗರ್ಭನಿರೋಧಕ ಮಾತ್ರೆಯ ಮುಂದುವರಿದ ನಿಗಾ, ಎರಡನೆಯದಾಗಿ ಜಿ43.109. ಉಚಿತದ ನಿಯಮ ಇರುವುದು ಗರ್ಭ ತಡೆಯುವ ಉದ್ದೇಶಕ್ಕೆ. ಮೈಗ್ರೇನ್‌ನ ಕೋಡ್ ಮೊದಲು ಬಂದರೆ ಅದು ಕಾಯಿಲೆಯ ಚಿಕಿತ್ಸೆಯಂತೆ ಕಾಣುತ್ತದೆ, ಮಾಮೂಲಿ ಕೋಪೇ ಲೆಕ್ಕಕ್ಕೆ ಹೋಗುತ್ತದೆ. ಮೊದಲ ಫಾರ್ಮಿನ ಸದುದ್ದೇಶದ ಜಾಣತನ ಹೀಗೆ ತಿರುಗುಬಾಣವಾಗಿತ್ತು.

ವಿನಾಯಿತಿ ಮಂಜೂರಾಯಿತು. ಕೊನೆಯ ವಾಕ್ಯದ 'ಮೊದಲ ಕ್ಲೇಮ್ ದಿನಾಂಕ' ಇಲ್ಲದಿದ್ದರೆ ಅದು ಮಂಜೂರಾದ ದಿನದಿಂದ ಮಾತ್ರ ಜಾರಿಗೆ ಬರುತ್ತಿತ್ತು. ಇತ್ತೀಚಿನ ಒಂದು ಪ್ಯಾಕಿನ ಕ್ಲೇಮನ್ನು ಫಾರ್ಮಸಿಯೇ ರದ್ದು ಮಾಡಿ ಮತ್ತೆ ಕಳಿಸಿ 75 ಡಾಲರ್ ಹಿಂತಿರುಗಿಸಿತು. ಹಳೆಯ ಎರಡರ ಮರುಕ್ಲೇಮ್ ಅವಧಿ ಮೀರಿತ್ತು. ಅವಕ್ಕೆ ಸದಸ್ಯರ ಮರುಪಾವತಿ ಫಾರ್ಮ್, ಜತೆಗೆ ಎತ್ತಿಟ್ಟ ಲೇಬಲ್‌ಗಳು. 150 ಡಾಲರ್ ಚೆಕ್ ಬಂತು.

ಬೇರೆಯವರ ಕೈಯಲ್ಲಿ ಇದೇ ಪ್ರಕರಣ

ಈಕೆಯ ಪ್ಲಾನ್‌ಗೆ ಫೆಡರಲ್ ನಿಯಮ ಅನ್ವಯಿಸುತ್ತಿತ್ತು. ಎಲ್ಲದಕ್ಕೂ ಹಾಗಲ್ಲ, ಹಾಗಾಗಿ ಫ್ಯಾಕ್ಸ್ ಮಾಡುವ ಮುಂಚೆ ಇದನ್ನೇ ನೋಡಬೇಕು. 2010ರ ಮಾರ್ಚ್ 23ಕ್ಕೆ ಮುಂಚಿನಿಂದ ಹೆಚ್ಚು ಬದಲಾವಣೆಯಿಲ್ಲದೆ ಉಳಿದುಬಂದ 'ಗ್ರ್ಯಾಂಡ್‌ಫಾದರ್ಡ್' ಪ್ಲಾನ್‌ಗಳು, ಅಲ್ಪಾವಧಿ ವಿಮೆಗಳು, ಸದಸ್ಯರೇ ಆಸ್ಪತ್ರೆ ವೆಚ್ಚ ಹಂಚಿಕೊಳ್ಳುವ ಧಾರ್ಮಿಕ ಗುಂಪುಗಳು ಇದರ ಹೊರಗೆ. 2014ರ ಹಾಬಿ ಲಾಬಿ (ಧಾರ್ಮಿಕ ಕಾರಣಕ್ಕೆ ಆಕ್ಷೇಪಿಸಿದ ಕಂಪನಿ) ತೀರ್ಪು, 2018ರ ವಿನಾಯಿತಿ ನಿಯಮಗಳು, ಅವನ್ನು ಎತ್ತಿಹಿಡಿದ 2020ರ ಸುಪ್ರೀಂ ಕೋರ್ಟ್ ತೀರ್ಪು, ಇವುಗಳಿಂದ 2024ರಲ್ಲಿ ಧಾರ್ಮಿಕ ಆಕ್ಷೇಪವಿರುವ ಮಾಲೀಕರೂ ಹೊರಗುಳಿಯಬಹುದಿತ್ತು. ಅಂಥ ಪ್ಲಾನ್‌ನಲ್ಲಿ ಮೇಲಿನ ಪತ್ರ ಕೆಲಸ ಮಾಡುವುದಿಲ್ಲ. ಅಲ್ಲಿ ಕೆಲವೊಮ್ಮೆ ಕೋಡ್‌ಗಳ ಕ್ರಮವೇ ಉಲ್ಟಾ: ಅತಿಯಾದ ರಕ್ತಸ್ರಾವ, ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆ ನಿಜವಾಗಿ ಇದ್ದರೆ, ಚಿಕಿತ್ಸೆಯೆಂಬ ಕಾರಣಕ್ಕೆ ಅದೇ ಮಾತ್ರೆಗೆ ಕೋಪೇಯೊಡನೆ ವಿಮೆ ಸಿಗಬಹುದು. ಇಲ್ಲದಿದ್ದರೆ ಸರ್ಕಾರದ ನೆರವಿನಲ್ಲಿ ನಡೆಯುವ, ಆದಾಯಕ್ಕೆ ತಕ್ಕ ಶುಲ್ಕ ಪಡೆಯುವ ಟೈಟಲ್ ಟೆನ್ ಕ್ಲಿನಿಕ್‌ಗಳು.

ಗಂಡನ ಅಥವಾ ತಂದೆತಾಯಿಯ ಪ್ಲಾನ್‌ನಲ್ಲಿ ಇರುವವರು ಇನ್ನೊಂದನ್ನು ಗಮನಿಸಬೇಕು. ಬಿಲ್ಲಿನ ವಿವರಪತ್ರ ಮುಖ್ಯ ಸದಸ್ಯರ ವಿಳಾಸಕ್ಕೇ ಹೋಗುತ್ತದೆ. ತನಗೆ ಬೇರೆ ವಿಳಾಸಕ್ಕೆ ಕಳಿಸಿ ಎಂದು ಗೋಪ್ಯ ಸಂವಹನದ ಕೋರಿಕೆಯನ್ನು ವಿಮೆಗೆ ಮೊದಲೇ ಕೊಟ್ಟಿರಬೇಕು, ಕ್ಲೇಮ್ ಆದ ಮೇಲೆ ಕೊಟ್ಟು ಪ್ರಯೋಜನವಿಲ್ಲ.

ಆಮೇಲೆ

ವಿನಾಯಿತಿ ಬಂದ ಮೇಲೆ ಆಕೆ ಅಂಚೆ ಫಾರ್ಮಸಿಗೆ ಬದಲಾದರು, ಒಂದು ಸಲಕ್ಕೆ ಮೂರು ಪ್ಯಾಕ್. ಮೂರು ಪ್ಯಾಕ್ ಎಂದರೆ 84 ದಿನ. ಅಲ್ಲಿ ಅದನ್ನು '90 ದಿನ' ಎಂದು ನಮೂದಿಸಿದ್ದರು. ಸಣ್ಣ ವಿಷಯದಂತೆ ಕಾಣುತ್ತದೆ. ಆದರೆ ವರ್ಷಕ್ಕೆ ಇಂಥ ನಾಲ್ಕು ಸರಬರಾಜಿಗೆ ಮಾತ್ರ ಅವಕಾಶವೆಂದರೆ ಕೈಗೆ ಬರುವುದು 336 ದಿನದ ಮಾತ್ರೆ, ವರ್ಷದ ಕೊನೆಗೆ ಒಂದು ಪ್ಯಾಕ್ ಕಡಿಮೆ ಬಿದ್ದು ಕ್ಲೇಮ್ ತಿರಸ್ಕೃತವಾಗುತ್ತದೆ. ಚೀಟಿಯಲ್ಲೇ 'ಪ್ರಮಾಣ 84, ದಿನ 84' ಎಂದು ಬರೆಸಿದ ಮೇಲೆ ಸರಿಹೋಯಿತು.

ಪೂರ್ವಾನುಮತಿ ಮತ್ತು ಶೂನ್ಯ ಕೋಪೇ ವಿನಾಯಿತಿ, ಎರಡರ ಮುಕ್ತಾಯದ ದಿನಾಂಕಗಳೂ ಬೇರೆ ಬೇರೆ ಬಂದಿವೆ. ಕ್ಲಿನಿಕ್‌ನ ಕಡತದಲ್ಲಿ ಈಗ ಎರಡನ್ನೂ ಬರೆದಿಟ್ಟಿದ್ದಾರೆ, ಮೊದಲು ಮುಗಿಯುವುದಕ್ಕೆ 30 ದಿನ ಮುಂಚೆ ಎರಡೂ ಫಾರ್ಮ್‌ಗಳನ್ನು ಒಟ್ಟಿಗೆ, ಆದರೆ ಎರಡು ಬೇರೆ ಫ್ಯಾಕ್ಸ್ ನಂಬರಿಗೆ ಕಳಿಸುತ್ತಾರೆ. ಔಷಧ ಪಟ್ಟಿ ಜನವರಿ 1ಕ್ಕೆ ಬದಲಾಗುವುದರಿಂದ ಡಿಸೆಂಬರ್‌ನಲ್ಲೇ ಹೊಸ ಪಟ್ಟಿಯಲ್ಲಿ ಸ್ಲಿಂಡ್ ಯಾವ ಟಿಯರ್‌ನಲ್ಲಿದೆ ಎಂದೂ ನೋಡುತ್ತಾರೆ.